ಡಿಮೆನ್ಷಿಯಾ ಸಂಶೋಧನೆಯನ್ನು ವಿಜಯಪುರದಲ್ಲೇ ಇದ್ದು ಕಲಿಯಬಹುದೇ?

ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಪಿಜಿ ವಿದ್ಯಾರ್ಥಿಗಳೂ ಸೈಕಾಲಜಿ ಎಂ.ಎಸ್‌ಸಿ. ಮುಗಿಸಿದವರೂ ಪದೇ ಪದೇ ಕೇಳುವ ಪ್ರಶ್ನೆ ಇದು: "ಇಲ್ಲಿ ದೊಡ್ಡ ಲ್ಯಾಬ್ ಇಲ್ಲರಿ. ನಿಮ್ಹಾನ್ಸ್‌ಗೆ ಹೋಗಲಾರದ ಡಿಮೆನ್ಷಿಯಾ ಸಂಶೋಧನೆ ಕಲಿಯೂದು ಆಗ್ತದೇನ್ರಿ?"

ಖಂಡಿತ ಆಗುತ್ತದೆ. ಡಿಮೆನ್ಷಿಯಾ ಎಂದರೆ ನೆನಪು, ಯೋಚನಾಶಕ್ತಿ ಕುಂದಿ ದಿನನಿತ್ಯದ ಕೆಲಸವೂ ತಪ್ಪತೊಡಗುವ ಕಾಯಿಲೆ. ಮೊದಲ ವರ್ಷದ ಕಲಿಕೆಗೆ ಲ್ಯಾಬ್ ಬೇಕಾಗಿಲ್ಲ. ಹಿರಿಯರನ್ನೂ ಅವರ ಮನೆಯವರನ್ನೂ ಸರಿಯಾಗಿ ಮಾತಾಡಿಸಲು ಬರಬೇಕು, ಪಕ್ಕದಲ್ಲೇ ಕೂತು ಅದನ್ನು ತಿದ್ದುವವರೊಬ್ಬರು ಬೇಕು. ರಕ್ತಪರೀಕ್ಷೆ ಎಷ್ಟೇ ನಿಖರವಾಗಿರಲಿ, ಅದರ ಪಕ್ಕದ ಕಾಲಂನಲ್ಲಿ ಬರೆದ ರೋಗನಿರ್ಣಯ ತಪ್ಪಿದ್ದರೆ ಆ ಇಡೀ ಸಾಲೇ ದಂಡ.

ತಪ್ಪುಗಳು ಶುರುವಾಗುವುದು ಪರೀಕ್ಷೆಯ ಆಯ್ಕೆಯಲ್ಲೇ. ನೆನಪು, ಯೋಚನಾಶಕ್ತಿ ಅಳೆಯುವ 1975ರ ಕಿರು ಪರೀಕ್ಷೆ ಎಂಎಂಎಸ್‌ಇಯ 30 ಅಂಕಗಳಲ್ಲಿ ಓದುವುದು, ವಾಕ್ಯ ಬರೆಯುವುದು, ಚಿತ್ರ ನಕಲು ಮಾಡುವುದು ಸೇರಿವೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಅಲ್ಲೇ ಅಂಕ ಕಳೆದುಕೊಳ್ಳುತ್ತಾಳೆ. 24ಕ್ಕಿಂತ ಕಡಿಮೆ ಬಂದದ್ದೆಲ್ಲ ಡಿಮೆನ್ಷಿಯಾ ಎಂದರೆ ಅನಕ್ಷರತೆಗೆ ರೋಗದ ಹೆಸರು ಕೊಟ್ಟಂತೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನ್ಯೂರೋ ಕಾಗ್ನಿಟಿವ್ ಟೂಲ್ ಬಾಕ್ಸ್ ಎಂಬ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ. ಅದರಿಂದ ಶುರು ಮಾಡಿ.

ಅಂಕಕ್ಕಿಂತ ಮುಖ್ಯವಾದದ್ದು ಮನೆಯವರ ಮಾತು. ಇವರಿಗೆ ಹಿಂದೆ ಏನು ಬರುತ್ತಿತ್ತು, ಈಗ ಏನು ತಪ್ಪುತ್ತಿದೆ ಎಂಬುದೇ ನಿಮಗೆ ಬೇಕಾದ ಮಾಹಿತಿ. ಮಗ "ಏನಿಲ್ರಿ, ವಯಸ್ಸಾಗೇದ, ಅರಳು ಮರಳು" ಎಂದು ಮುಗಿಸುತ್ತಾನೆ. ದಿನವೂ ಊಟಕ್ಕೆ ಬಡಿಸುವ ಸೊಸೆಯನ್ನು ಬೇರೆಯಾಗಿ ಕೂರಿಸಿ ಕೇಳಿ: "ಸಂತಿಗೆ ಹೋದ್ರ ಹೇಳಿದ ಸಾಮಾನು ತರ್ತಾರೇನ್ರಿ? ಉಳಿದ ಚಿಲ್ಲರೆ ಲೆಕ್ಕ ಸರಿ ಕೊಡ್ತಾರೇನ್ರಿ? ಮೊದಲ ಹೆಂಗಿದ್ರು, ಯಾವಾಗಿಂದ ಹಿಂಗ?" "ನೆನಪು ಹೆಂಗದ?" ಎಂದಷ್ಟೇ ಕೇಳಿದರೆ "ಛಲೋ ಅದ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ತರಬೇತಿಯ ಕ್ರಮ ಹೀಗಿರಲಿ. ಮೊದಲ ತಿಂಗಳು ಬರೀ ನೋಡುವುದು. ಆಮೇಲೆ ಕನಿಷ್ಠ 20 ಜನರನ್ನು ವಿದ್ಯಾರ್ಥಿಯೇ ಮಾತಾಡಿಸಬೇಕು. ಮಾರ್ಗದರ್ಶಕರು ಪಕ್ಕದಲ್ಲಿ ಕೂತು ತಮ್ಮ ಹಾಳೆಯಲ್ಲಿ ಬೇರೆಯಾಗಿ ಅಂಕ ಹಾಕಬೇಕು. ನಂತರ ಒಂದೊಂದೇ ಪ್ರಶ್ನೆಯ ಅಂಕ ಹೋಲಿಸಿ. ಒಟ್ಟು ಅಂಕ ಹೊಂದಿದರೂ ಒಳಗಿನ ಪ್ರಶ್ನೆಗಳಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಅಂಕ ಕೊಟ್ಟಿರುತ್ತಾರೆ, ಬಹುಪಾಲು ವ್ಯತ್ಯಾಸ ಅಡಗಿರುವುದು ಅಲ್ಲೇ. ಹೊಸಬರು ಕನಿಕರದಿಂದ ಸುಳಿವು ಕೊಡುತ್ತಾರೆ, ಜೊತೆಗೆ ಬಂದವರು ಉತ್ತರ ಹೇಳಿದ್ದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕನ್ನಡಕ ಮನೆಯಲ್ಲೇ ಉಳಿದಿದೆಯೇ, ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ವಿಚಾರಿಸುವುದಿಲ್ಲ. ಮೊನ್ನೆ ಜ್ವರ ಬಂದು ಗೊಂದಲಗೊಂಡವರನ್ನು, ಖಿನ್ನತೆಯಿಂದ ಎಲ್ಲದಕ್ಕೂ "ಗೊತ್ತಿಲ್ರಿ" ಎನ್ನುವವರನ್ನು, ಬಿ12 ಅಥವಾ ಥೈರಾಯ್ಡ್ ಕೊರತೆ ಇರುವವರನ್ನು ಗುರುತಿಸಲು ಕಲಿಯುವುದೂ ಈ 20 ಜನರಲ್ಲೇ. ಬೆಳಗಾವಿಯಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಮನೆಮಾತಿನವರನ್ನು ಅವರ ಭಾಷೆಯಲ್ಲೇ ಪರೀಕ್ಷಿಸಬೇಕು. ಸ್ಥಳದಲ್ಲೇ ಬಾಯಿಗೆ ಬಂದಂತೆ ಅನುವಾದ ಮಾಡಿದರೆ ಆ ಅಂಕ ಲೆಕ್ಕಕ್ಕಿಲ್ಲ.

ವಿಷಯ ಆರಿಸುವಾಗ ಎಲ್ಲರ ಕಣ್ಣೂ "ನಮ್ಮ ತಾಲೂಕಿನಲ್ಲಿ ಡಿಮೆನ್ಷಿಯಾ ಎಷ್ಟು ಜನಕ್ಕಿದೆ" ಎಂಬುದರ ಮೇಲೆ. ಲೆಕ್ಕ ಹಾಕಿ ನೋಡೋಣ. ದೇಶದ 60 ದಾಟಿದವರಲ್ಲಿ 7.4% ಜನಕ್ಕೆ ಡಿಮೆನ್ಷಿಯಾ ಇದೆ ಎಂದು ಲಾಸಿ-ಡ್ಯಾಡ್ ಎಂಬ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು. ಅದನ್ನೇ ಹಿಡಿದು ಎರಡು ಪರ್ಸೆಂಟ್ ಆಚೀಚೆ ನಿಖರತೆ ಬೇಕೆಂದರೆ ಸುಮಾರು 660 ಹಿರಿಯರು ಬೇಕು. ಹಳ್ಳಿ ಹಳ್ಳಿಯಾಗಿ ಆರಿಸುವುದರಿಂದ ಒಂದೂವರೆ ಪಟ್ಟು ಎಂದರೆ 990. ದಿನಕ್ಕೆ ಐವರಂತೆ ಹೋದರೂ 198 ದಿನ. ಎಂಬಿಬಿಎಸ್ ವಿದ್ಯಾರ್ಥಿಗಳಿಗಾಗಿ ಐಸಿಎಂಆರ್ ನಡೆಸುವ ಅಲ್ಪಾವಧಿ ಸಂಶೋಧನಾ ಯೋಜನೆ ಎಸ್‌ಟಿಎಸ್ ಇರುವುದೇ ಎರಡು ತಿಂಗಳು. ಆ ಅವಧಿಗೆ ಪರೀಕ್ಷಕರಿಬ್ಬರು ಕೊಟ್ಟ ಅಂಕ ಎಷ್ಟು ಹೊಂದುತ್ತದೆ ಎಂಬುದು ಅಥವಾ ಆರೈಕೆ ಮಾಡುವವರ ಹೊರೆ ಒಳ್ಳೆಯ ವಿಷಯ. ಎರಡನೆಯದಕ್ಕೆ ಆರೈಕೆಯ ಹೊರೆ ಅಳೆಯುವ 22 ಪ್ರಶ್ನೆಗಳ ಝಾರಿಟ್ ಮಾಪನವಿದೆ.

ಒಪ್ಪಿಗೆಯ ವಿಷಯದಲ್ಲಿ ರಿಯಾಯಿತಿ ಬೇಡ. ಅನಕ್ಷರಸ್ಥರಾದರೆ ಹೆಬ್ಬೆಟ್ಟಿನ ಜೊತೆ ತಂಡಕ್ಕೆ ಸೇರದ ಸಾಕ್ಷಿಯ ಸಹಿ ಇರಬೇಕು. ತಿಳಿದು ಒಪ್ಪುವ ಶಕ್ತಿ ಇಲ್ಲದಿದ್ದರೆ ಕಾನೂನುಬದ್ಧ ಪ್ರತಿನಿಧಿಯ ಒಪ್ಪಿಗೆ ಬೇಕು. ಆಗಲೂ ಹಿರಿಯರು ಎದ್ದು ಹೊರಟರೆ ಅಲ್ಲಿಗೇ ನಿಲ್ಲಿಸಬೇಕು, ಮಗ "ಕೇಳ್ರಿ ಕೇಳ್ರಿ" ಎಂದರೂ ಸರಿ.

ಮಾರ್ಗದರ್ಶಕರು ಇಬ್ಬರಿರಲಿ: ವಾರಕ್ಕೊಮ್ಮೆ ಎದುರು ಕೂರುವ ಸ್ಥಳೀಯರೊಬ್ಬರು, ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಅಂಕಿಅಂಶ ನೋಡುವ ಹೊರಗಿನವರೊಬ್ಬರು. ವಿಷಯ ಕೊಟ್ಟು, ಒಂದು ಸಂದರ್ಶನವನ್ನೂ ನೋಡದೆ, ಕೊನೆಗೆ ಥೀಸಿಸ್‌ಗೆ ಸಹಿ ಹಾಕುವವರಿಂದ ದೂರವಿರಿ. ಪ್ರಬಂಧದಲ್ಲಿ ಯಾರ ಹೆಸರು ಮೊದಲು ಎಂಬುದನ್ನು ಮಾಹಿತಿ ಸಂಗ್ರಹಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಿ. ವೈದ್ಯಕೀಯ ಪಿಜಿ ಮೂರು ವರ್ಷಕ್ಕೆ ಮುಗಿಯುತ್ತದೆ, ಡಿಮೆನ್ಷಿಯಾ ಮುಂದುವರಿಯುತ್ತದೆ. ಆದ್ದರಿಂದ ಪ್ರತಿ ಕಾಲಂನ ಅರ್ಥ ಬರೆದ ಹಾಳೆಯೊಂದಿಗೆ ಕೆಲಸವನ್ನು ಕಿರಿಯರ ಕೈಗೆ ಒಪ್ಪಿಸಿ. ಹಾಗಾದರೆ ಅದೇ ಹಿರಿಯರನ್ನು ಎರಡು ವರ್ಷದ ಮೇಲೆ ಇನ್ನೊಬ್ಬರು ನೋಡಬಹುದು.