26 ಅಮಾವಾಸ್ಯೆ, 4 ಜಿಬಿ ಕಾರ್ಡು

ಅಣ್ಣನ ಮಗ ಬೇಸಿಗೆ ರಜೆಗೆ ಸೇಡಂನಿಂದ ಬಂದಿದ್ದಾನೆ. ಹನ್ನೊಂದು ವರ್ಷದ ಹುಡುಗ. ಕಲಬುರಗಿಯ ಮೇ ತಿಂಗಳು ಗೊತ್ತಲ್ಲ, ಹತ್ತು ಗಂಟೆ ದಾಟಿದರೆ ಅಂಗಳಕ್ಕೂ ಕಾಲಿಡೋದು ಕಷ್ಟ. ಹಾಗಾಗಿ ಅವನ ಮಧ್ಯಾಹ್ನವೆಲ್ಲ ಕೈಯಲ್ಲಿ ಹಿಡಿದು ಆಡುವ ನನ್ನ ಹಳೇ ಸೋನಿ ಗೇಮ್ ಮೆಷಿನ್ ಪಿಎಸ್‌ಪಿ ಜೊತೆ. ಕೂಲರ್ ಮುಂದೆ ಚಾಪೆ ಹಾಸಿಕೊಂಡು ಗ್ರ್ಯಾನ್ ಟುರಿಸ್ಮೊ ಆಡುತ್ತಾನೆ. ಆ ಆಟದಲ್ಲಿ 800ಕ್ಕೂ ಜಾಸ್ತಿ ಕಾರುಗಳಿವೆ. ಎಲ್ಲವನ್ನೂ ಗಳಿಸಬೇಕು ಅನ್ನೋದು ಅವನ ಹಟ.

ಹೋದ ವಾರ ಒಂದು ಮಧ್ಯಾಹ್ನ ಅಡುಗೆಮನೆಗೆ ಓಡಿ ಬಂದ. "ಅತ್ತಿ, ಸೇವ್ ಆಗವಲ್ದು ನೋಡು."

ಮೆಮೊರಿ ಸ್ಟಿಕ್‌ನಲ್ಲಿ ಜಾಗ ಸಾಲದು ಅಂತ ಪರದೆ ಹೇಳುತ್ತಿತ್ತು. ಮೆಮೊರಿ ಸ್ಟಿಕ್ ಅಂದರೆ ಆ ಮೆಷಿನಿಗೆ ಹಾಕುವ ಮೆಮೊರಿ ಕಾರ್ಡು. ಎರಡು ಗಂಟೆ ಓಡಿಸಿ ಗೆದ್ದ ಕಾರು ಇನ್ನೂ ಎಲ್ಲೂ ದಾಖಲಾಗಿರಲಿಲ್ಲ. ಮೆಷಿನ್ ಆಫ್ ಮಾಡಿದರೆ ಹೋಯಿತು. ನಾನು ಕೈ ಒರೆಸಿಕೊಂಡು ಪಕ್ಕ ಕೂತೆ. ಯಾವುದನ್ನು ಅಳಿಸೋದು ಅಂತ ಇಬ್ಬರೂ ನೋಡಿದೆವು.

ಆ ಕಾರ್ಡು 4 ಜಿಬಿಯದು. ನಿಜವಾಗಿ ಬಳಸಲು ಸಿಗೋದು 3.7 ಜಿಬಿ ಆಸುಪಾಸು. ಪಿಎಸ್‌ಪಿ-3000 ನಾನು 2010ರಲ್ಲಿ ಕೊಂಡಿದ್ದು. ಸ್ಟುಡಿಯೋದಲ್ಲಿ ಆಲ್ಬಮ್ ಡಿಸೈನ್ ಕೆಲಸಕ್ಕೆ ಸೇರಿದ ಹೊಸತು, ಮೊದಲ ಮೂರು ತಿಂಗಳ ಸಂಬಳ ಕೂಡಿಸಿ ತಗೊಂಡಿದ್ದೆ. ಆಗ ಸೋನಿಯ ಚಿಕ್ಕ ಕ್ಯಾಮೆರಾಗಳಿಗೂ ಪಿಎಸ್‌ಪಿಗೂ ಒಂದೇ ಕಾರ್ಡು, ಮೆಮೊರಿ ಸ್ಟಿಕ್ ಪ್ರೊ ಡ್ಯುಯೊ. ಸ್ಟುಡಿಯೋದ ಒಂದು ಕ್ಯಾಮೆರಾ ಕೆಟ್ಟಾಗ ಅದರ ಕಾರ್ಡು ನನ್ನ ಪಾಲಿಗೆ ಬಂತು. ಅಂದಿನಿಂದ ಅದೇ.

ಅದರಲ್ಲಿ ಇದ್ದದ್ದು ಇಷ್ಟು. ಅಣ್ಣನ ಮದುವೆಯ ವಿಡಿಯೊ, ಪಿಎಸ್‌ಪಿ ಪರದೆಗೆ ತಕ್ಕಂತೆ 480ಕ್ಕೆ 272 ಅಳತೆಗೆ ನಾನೇ ಇಳಿಸಿದ್ದು. ಮನೆಮಂದಿಯ ಫೋಟೊಗಳು. ಹುಡುಗನ ಸೇವ್‌ಗಳು. ಮತ್ತೆ ಅವ್ವನ ತತ್ವಪದಗಳು.

ಈ ತತ್ವಪದಗಳ ಬಗ್ಗೆ ಹೇಳಬೇಕು. ನಮ್ಮ ಓಣಿಯ ಗುಡಿಯಲ್ಲಿ ಪ್ರತಿ ಅಮಾವಾಸ್ಯೆಗೆ ಭಜನೆ ಇರುತ್ತದೆ. ರಾತ್ರಿ ಹತ್ತಕ್ಕೆ ಶುರುವಾದರೆ ಮಂಗಳಾರತಿ ಆಗೋದು ಬೆಳಗಿನ ನಾಲ್ಕಕ್ಕೆ. ಹಾರ್ಮೋನಿಯಂ, ತಬಲಾ, ತಾಳ, ಒಂದು ಏಕತಾರಿ. ಎರಡು ವರ್ಷಕ್ಕೂ ಹೆಚ್ಚು ಕಾಲ ನಾನು ಒಂದು ಚಿಕ್ಕ ರೆಕಾರ್ಡರ್ ಇಟ್ಟು ಹಿಡಿದುಕೊಂಡು ಬಂದೆ. 128 ಕೆಬಿಪಿಎಸ್ ಎಂಪಿ3 ಅಂದರೆ ಒಂದು ಗಂಟೆಗೆ ಸುಮಾರು 58 ಎಂಬಿ. ಜಾಗ ಸಾಲದು ಅಂತ ಪ್ರತಿ ಸಲ ಒಂದೇ ಗಂಟೆ ಹಿಡಿಯುತ್ತಿದ್ದೆ. ಹೀಗೆ 26 ಅಮಾವಾಸ್ಯೆ ಆಯಿತು, ಒಂದೂವರೆ ಜಿಬಿ ತುಂಬಿತು. ಎಲ್ಲ ಸರಿಯಾಗಿ ಒಂದು ಗಂಟೆ ಓಡಿ ನಿಂತುಬಿಡುತ್ತವೆ. ಕೆಲವು ಪದದ ನಡುವೆಯೇ.

ಅವ್ವನಿಗೆ ಮೊಬೈಲ್ ಇದೆ. ಆದರೆ ಹಾಡು ಕೇಳೋಕೆ ಅದು ಬೇಡ. ಬೆರಳು ಎಲ್ಲೋ ತಾಗಿ ಇನ್ನೇನೋ ತೆರೆಯುತ್ತದೆ, ನಡುವೆ ಫೋನು ಬರುತ್ತದೆ. ಪಿಎಸ್‌ಪಿಯಲ್ಲಿ ಕೈಗೆ ಸಿಗುವ ಬಟನ್‌ಗಳಿವೆ. ಎಕ್ಸ್ ಒತ್ತಿದರೆ ಹಾಡು, ಸುತ್ತಿನದು ಒತ್ತಿದರೆ ಹಿಂದಕ್ಕೆ. ಕನ್ನಡಕ ಇಲ್ಲದೆಯೂ ಆಗುತ್ತದೆ. ರಾತ್ರಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಕೇಳುತ್ತಾಳೆ. ನಾವು ಅಳಿಸೋ ಮಾತಾಡುತ್ತಿದ್ದದ್ದು ಒಳಗಿನ ಕೋಣೆಯಿಂದಲೇ ಕೇಳಿಸಿಕೊಂಡಳು.

"ನನ್ನ ಪದ ಅಳಸಬ್ಯಾಡ ನೋಡವ್ವ. ಆ ಮ್ಯಾಳದಾಗ ಇಬ್ಬರು ಈಗ ಹಾಡಂಗಿಲ್ಲ."

ಇಬ್ಬರೂ ತೀರಿಕೊಂಡಿದ್ದಾರೆ. ಏನನ್ನೂ ಅಳಿಸುವ ಪ್ರಶ್ನೆಯೇ ಇರಲಿಲ್ಲ. ಆ ಹೊತ್ತಿಗೆ ಮೂರು ಫೋಟೊ ಕಂಪ್ಯೂಟರಿಗೆ ಸಾಗಿಸಿ ಸೇವ್ ಮಾಡಿಸಿದೆ. ದೊಡ್ಡ ಕಾರ್ಡು ತರಲೇಬೇಕು ಅಂತ ಅವತ್ತೇ ನಿರ್ಧಾರ ಆಯಿತು.

ಮೊದಲು ಮಾಡಿದ ಕೆಲಸ ಇದು: ಇಡೀ ಕಾರ್ಡನ್ನು ಎರಡು ಕಡೆ ಕಾಪಿ ಮಾಡಿದೆ. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ. ಪಿಎಸ್‌ಪಿ ಫೋಲ್ಡರ್ ಒಳಗೆ ಸೇವ್‌ಡೇಟಾ ಅಂತ ಒಂದು ಫೋಲ್ಡರ್ ಇರುತ್ತದೆ. ಒಂದೊಂದು ಆಟದ ಸೇವ್‌ಗೂ ಅದರಲ್ಲಿ ಬೇರೆ ಫೋಲ್ಡರು. ಯುಎಲ್‌ಇಎಸ್, ಯುಸಿಇಎಸ್ ಅಂತೆಲ್ಲ ಶುರುವಾಗುವ ಹೆಸರುಗಳು. ಹೆಸರು ಅರ್ಥವಾಗದಿದ್ದರೂ ಒಂದನ್ನೂ ಬದಲಿಸಬೇಡಿ, ಹಾಗೇ ಸಾಗಿಸಿ. ಆಟ ತನ್ನ ಸೇವನ್ನು ಹುಡುಕೋದೇ ಆ ಹೆಸರಿನಿಂದ.

ಮೆಮೊರಿ ಸ್ಟಿಕ್ ಪ್ರೊ ಡ್ಯುಯೊ ಈಗ ಹೊಸದು ಸಿಗೋದು ಅಪರೂಪ. 2010ರ ಹೊತ್ತಿಗೆ ಸೋನಿಯೇ ತನ್ನ ಕ್ಯಾಮೆರಾಗಳಲ್ಲಿ ಎಸ್‌ಡಿ ಕಾರ್ಡಿಗೆ ಜಾಗ ಕೊಟ್ಟಿತು. ಆಮೇಲೆ ಈ ಕಾರ್ಡನ್ನು ಕೇಳುವವರೇ ಕಡಿಮೆಯಾದರು. ಆದರೆ ದಾರಿ ಇದೆ. ಅದೇ ಆಕಾರದ ಒಂದು ಅಡಾಪ್ಟರ್ ಬರುತ್ತದೆ. ಮೊಬೈಲಿಗೆ ಹಾಕುವ ಮೈಕ್ರೊ ಎಸ್‌ಡಿ ಕಾರ್ಡನ್ನು ಅದರಲ್ಲಿ ತೂರಿಸಿದರೆ ಪಿಎಸ್‌ಪಿಗೆ ಅದು ಮೆಮೊರಿ ಸ್ಟಿಕ್ ಆಗಿಯೇ ಕಾಣುತ್ತದೆ. ಎಸ್‌ಡಿ ಕಾರ್ಡಿನ ಭಾಷೆಯನ್ನು ಮೆಮೊರಿ ಸ್ಟಿಕ್‌ನ ಭಾಷೆಗೆ ತಿರುಗಿಸುವ ಪುಟ್ಟ ಚಿಪ್ ಅಡಾಪ್ಟರ್ ಒಳಗಿರುತ್ತದೆ.

ಅಡಾಪ್ಟರ್ ಜೊತೆ ಆನ್‌ಲೈನ್‌ನಲ್ಲಿ 128 ಜಿಬಿಯ ಒಂದು ಕಾರ್ಡು ತರಿಸಿದೆ. ಬೇರೆ ಕಡೆಯ ಅರ್ಧ ಬೆಲೆಗೂ ಕಡಿಮೆ ಇತ್ತು. ಬಂದ ದಿನವೇ ಹುಡುಗ, "ಹಾಕು ಅತ್ತಿ, ಹಾಕು" ಅಂತ ಗಂಟುಬಿದ್ದ. ನಾನು ಹಾಕಲಿಲ್ಲ. ಯಾಕೆ ಅಂದರೆ ಹಿಂದೊಂದು ಮದುವೆ ನೆನಪಾಯಿತು.

ಆಳಂದ ಕಡೆ ಒಂದು ಮದುವೆ ಆರ್ಡರ್. ಆ ದಿನ ಕ್ಯಾಮೆರಾಗೆ ಹೊಸ ಕಾರ್ಡು ಹಾಕಿದ್ದೆವು. ಬೆಳಗ್ಗೆ ಅರಿಶಿಣ ಹಚ್ಚಿದ್ದು, ಸುರಗಿ, ಎಲ್ಲ ತೆಗೆದೆವು. ಮಧ್ಯಾಹ್ನ ಅಕ್ಷತೆ. ಕ್ಯಾಮೆರಾ ಒಂದು ಸಲವೂ ತಪ್ಪು ತೋರಿಸಲಿಲ್ಲ. ರಾತ್ರಿ ಸ್ಟುಡಿಯೋಗೆ ಬಂದು ತೆರೆದರೆ ಬೆಳಗಿನವು ಚೆನ್ನಾಗಿವೆ. ಅಕ್ಷತೆಯ ಹೊತ್ತಿನವು ಮೇಲೆ ಒಂದು ಪಟ್ಟಿ ಚಿತ್ರ, ಕೆಳಗೆಲ್ಲ ಬೂದು ಬಣ್ಣ. ಮದುಮಗಳ ದಂಡೆಯವರೆಗೆ ಇದೆ, ಮುಖ ಇಲ್ಲ. ಎರಡನೇ ಕ್ಯಾಮೆರಾದಲ್ಲಿ ತಾಳಿಯ ಹೊತ್ತು ಸಿಕ್ಕಿದ್ದರಿಂದ ಆಲ್ಬಮ್ ಆಯಿತು. ಆದರೆ ಅವರ ಅಜ್ಜ ಅಕ್ಷತೆ ಹಾಕುವ ಫೋಟೊ ಒಂದೂ ಉಳಿಯಲಿಲ್ಲ. ಆ ಮನೆಯವರ ಎದುರು ಕೂತು ಹೇಳಿದ್ದು ನಾನೇ. ಆ ಸಂಕಟ ಇನ್ನೂ ಹೋಗಿಲ್ಲ.

ಆ ಕಾರ್ಡು ನಕಲಿ. ನಕಲಿ ಅಂದರೆ ಬರೀ ಹೆಸರು ಕದ್ದದ್ದಲ್ಲ. ಒಳಗೆ ಇರೋದು ಚಿಕ್ಕ ಚಿಪ್, 8 ಜಿಬಿಯದೋ 16 ಜಿಬಿಯದೋ. ಅದನ್ನು ನಡೆಸುವ ಕಂಟ್ರೋಲರ್‌ಗೆ ಸುಳ್ಳು ಕಲಿಸಿರುತ್ತಾರೆ. ಕಂಪ್ಯೂಟರ್ ಕೇಳಿದರೆ "ನಾನು 128" ಅನ್ನುತ್ತದೆ. ನಿಜವಾದ ಜಾಗ ಮುಗಿದ ಮೇಲೂ ಬರೆಯಲು ಬಿಡುತ್ತದೆ. ಬರೆದದ್ದು ಎಲ್ಲೂ ಕೂರುವುದಿಲ್ಲ, ಇಲ್ಲವೇ ಹಳೆಯದರ ಮೇಲೇ ಹೋಗಿ ಕೂರುತ್ತದೆ. ಫೈಲಿನ ಹೆಸರು ಕಾಣುತ್ತದೆ, ಗಾತ್ರ ಕಾಣುತ್ತದೆ. ತೆರೆದಾಗಲೇ ಗೊತ್ತಾಗೋದು.

ಅಂದಿನಿಂದ ಯಾವ ಹೊಸ ಕಾರ್ಡು ಬಂದರೂ ನಾನು ಮೊದಲು ಪರೀಕ್ಷೆ ಮಾಡುತ್ತೇನೆ. ವಿಂಡೋಸ್‌ನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯು ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ, ದುಡ್ಡಿಲ್ಲ. ಲಿನಕ್ಸ್‌ನಲ್ಲಿ ಎಫ್‌3 ಅಂತ ಇದೆ. ಖಾಲಿ ಕಾರ್ಡಿನ ತುಂಬ 1 ಜಿಬಿಯ ಫೈಲುಗಳನ್ನು ಬರೆದು, ಆಮೇಲೆ ಒಂದೊಂದನ್ನೇ ಓದಿ, ಬರೆದದ್ದೇ ಇದೆಯಾ ಅಂತ ಸರಿಹೋಲಿಸುತ್ತದೆ. ದೊಡ್ಡ ಕಾರ್ಡಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಿಡಿಯಲಿ.

128 ಜಿಬಿಯ ಕಾರ್ಡನ್ನು ಸಂಜೆ ಪರೀಕ್ಷೆಗೆ ಹಾಕಿದೆ. ಕಂಪ್ಯೂಟರ್ ಅದನ್ನು 119 ಜಿಬಿ ಅಂತ ತೋರಿಸಿತು. ಅಷ್ಟರ ಮಟ್ಟಿಗೆ ಅದು ತಪ್ಪಲ್ಲ. ಕಂಪನಿಗಳು ಸಾವಿರದ ಲೆಕ್ಕ ಹಾಕುತ್ತವೆ, ಕಂಪ್ಯೂಟರ್ 1024ರ ಲೆಕ್ಕ ಹಾಕುತ್ತದೆ. ಅಸಲಿ 128ರದ್ದೂ 119ಕ್ಕೆ ಇಳಿಯುತ್ತದೆ. ಹುಡುಗ ಪಕ್ಕದಲ್ಲಿ ಕೂತು ಹಸಿರು ಪಟ್ಟಿ ನೋಡುತ್ತಾ ಅಲ್ಲೇ ನಿದ್ದೆ ಹೋದ. ಅವ್ವ ಬಂದು ಹೊದಿಸಿ ಹೋದಳು. ಬೆಳಗ್ಗೆ ಎದ್ದು ನೋಡಿದರೆ 7 ಜಿಬಿ ಚಿಲ್ಲರೆ ಮಾತ್ರ ಸರಿ, ಉಳಿದದ್ದೆಲ್ಲ ಕಳೆದುಹೋಗಿದೆ ಅಂತ ಬಂದಿತ್ತು.

ಪರೀಕ್ಷೆ ಮಾಡದೆ ಹಾಕಿದ್ದರೆ ಅವ್ವನ ಒಂದೂವರೆ ಜಿಬಿ ಆ ಏಳರಲ್ಲಿ ಹಿಡಿಯುತ್ತಿತ್ತು. ಆರು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೆ ಒಂದು ದಿನ, ಇನ್ನಷ್ಟು ತುಂಬಿಸಿದ ಮೇಲೆ, ಆ ಇಬ್ಬರ ದನಿ ಹೋಗುತ್ತಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೆ. ಈ ಮೋಸದಲ್ಲಿ ದುಡ್ಡು ಹೋಗೋದು ಚಿಕ್ಕ ಮಾತು. ಪರೀಕ್ಷೆಯ ಫೋಟೊ ಕಳಿಸಿ ಕಾರ್ಡು ವಾಪಸ್ ಮಾಡಿದೆ, ಹಣ ಬಂತು.

ಮರುದಿನ ಸೂಪರ್ ಮಾರ್ಕೆಟ್ ಕಡೆ ಹೋಗಿ ಬಿಲ್ ಸಮೇತ 32 ಜಿಬಿಯ ಕಾರ್ಡು ತಂದೆ. ಅಂಗಡಿಯ ಹುಡುಗ, "ಅಕ್ಕಾರ, ಬರೀ 32 ಯಾಕ್ರಿ, ದೊಡ್ಡದು ಒಯ್ರಿ" ಅಂದ. ಬೇಡ ಅಂದೆ. ಪಿಎಸ್‌ಪಿಯ ಆಟಗಳು ಬರುವ ಯುಎಂಡಿ ಡಿಸ್ಕಿನಲ್ಲಿ ಹಿಡಿಯೋದೇ ಹೆಚ್ಚೆಂದರೆ 1.8 ಜಿಬಿ. ಸೋನಿಯ ಮೆಮೊರಿ ಸ್ಟಿಕ್ ಪ್ರೊ ಡ್ಯುಯೊ ಕೂಡ 32ರವರೆಗೆ ಮಾತ್ರ ಬಂದದ್ದು. ಈ ಮೆಷಿನಿಗೆ ಅದು ಧಾರಾಳ.

ಇನ್ನೊಂದು ಕಾರಣವೂ ಇದೆ. 32ರವರೆಗಿನ ಕಾರ್ಡುಗಳು ಫ್ಯಾಟ್32 ಅನ್ನೋ ಬಗೆಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ. ಪಿಎಸ್‌ಪಿಗೆ ಗೊತ್ತಿರೋದು ಅದೇ. 64 ಮತ್ತು ಮೇಲಿನವು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಪಿಎಸ್‌ಪಿ ಅದನ್ನು ಓದುವುದಿಲ್ಲ. ಸ್ಟುಡಿಯೋದ 64ರ ಕಾರ್ಡೊಂದನ್ನು ಸುಮ್ನೆ ಹಾಕಿ ನೋಡಿದೆ. ಓದಲಿಲ್ಲ. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲಿ 64ಕ್ಕೆ ಫ್ಯಾಟ್32 ಅನ್ನೋ ಆಯ್ಕೆಯೇ ಇರಲಿಲ್ಲ. ಕೊನೆಗೆ ಪಿಎಸ್‌ಪಿಯಲ್ಲೇ ಸೆಟ್ಟಿಂಗ್ಸ್, ಸಿಸ್ಟಮ್ ಸೆಟ್ಟಿಂಗ್ಸ್, ಫಾರ್ಮ್ಯಾಟ್ ಮೆಮೊರಿ ಸ್ಟಿಕ್ ಅಂತ ಹೋಗಿ ಮಾಡಿದ ಮೇಲೆ ಓದಿತು. ನಿಮ್ಮ ಹತ್ತಿರ ದೊಡ್ಡದೇ ಇದ್ದರೆ ಹೀಗೆ ಮಾಡಿ. 32ರದ್ದಾದರೂ ಒಮ್ಮೆ ಮೆಷಿನಿನಲ್ಲೇ ಫಾರ್ಮ್ಯಾಟ್ ಮಾಡೋದು ಒಳ್ಳೇದು. ಕಾರ್ಡು ಖಾಲಿ ಇರುವಾಗ ಮಾತ್ರ, ಅದನ್ನು ಹೇಳಬೇಕಿಲ್ಲ ಅಲ್ವಾ.

32ರ ಪರೀಕ್ಷೆ ಒಂದೂ ತಪ್ಪಿಲ್ಲದೆ ಮುಗಿಯಿತು.

ಅಡಾಪ್ಟರ್ ಒಂದು ಸಲ ಕೈಕೊಟ್ಟಿತು. ಮೆಮೊರಿ ಸ್ಟಿಕ್‌ನ ದಪ್ಪ 1.6 ಮಿಲಿಮೀಟರ್. ಅದರೊಳಗೆ 1 ಮಿಲಿಮೀಟರ್ ದಪ್ಪದ ಮೈಕ್ರೊ ಎಸ್‌ಡಿ ಕೂರಬೇಕು. ಉಳಿದ 0.6ರಲ್ಲಿ ಎರಡೂ ಬದಿಯ ಗೋಡೆ, ಕಾರ್ಡನ್ನು ಮುಟ್ಟುವ ಚಿನ್ನದ ಬಣ್ಣದ ತಂತಿಗಳು. ನನಗೆ ಬಂದ ಮೊದಲ ಅಡಾಪ್ಟರ್‌ನಲ್ಲಿ ಆ ತಂತಿಗಳಲ್ಲಿ ಒಂದು ಒಳಕ್ಕೆ ಬಾಗಿತ್ತು. ಕಣ್ಣಿಗೆ ಹತ್ತಿರ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿದಾಗಲೇ ಕಂಡದ್ದು. ಮೆಷಿನ್ ಒಮ್ಮೆ ಓದುತ್ತಿತ್ತು, ಒಮ್ಮೆ ಕಾರ್ಡೇ ಇಲ್ಲ ಅನ್ನುತ್ತಿತ್ತು. ಬೇರೆ ತರಿಸಿದೆ, ಸರಿಯಾಯಿತು. ಎರಡು ಕಾರ್ಡು ಒಟ್ಟಿಗೆ ಹಾಕುವ ಅಡಾಪ್ಟರ್ ಕೂಡ ಬರುತ್ತದೆ. ನಾನು ತಗೊಳ್ಳಲ್ಲ. ಎರಡನ್ನೂ ಸೇರಿಸಿ ಒಂದೇ ಕಾರ್ಡಿನಂತೆ ಮಾಡುತ್ತದೆ ಅದು. ಒಂದು ಕೆಟ್ಟರೆ ಎರಡರಲ್ಲಿದ್ದದ್ದೂ ಹೋದ ಹಾಗೆ.

ಆಮೇಲೆ ಎಲ್ಲವನ್ನೂ ಹೊಸ ಕಾರ್ಡಿಗೆ ಹಾಕಿದೆ. ಪಿಎಸ್‌ಪಿಯ ಕೇಬಲ್‌ನಿಂದ ಕಾಪಿ ನಿಧಾನ. ಕಾರ್ಡನ್ನು ಹೊರತೆಗೆದು ರೀಡರ್‌ಗೆ ಹಾಕಿದರೆ ಬೇಗ ಮುಗಿಯುತ್ತದೆ. ಅಡಾಪ್ಟರನ್ನು ಎಡಬದಿಯ ಸಂದಿಯಲ್ಲಿ ಒತ್ತಿದಾಗ ಟಕ್ ಅಂತ ಕೂತಿತು. ಕಿತ್ತಳೆ ದೀಪ ಮಿನುಗಿತು. ಆ ದೀಪ ಮಿನುಗುವಾಗ ಕಾರ್ಡು ಎಳೆಯಬಾರದು ಅಂತ ಹುಡುಗನಿಗೆ ಎರಡು ಸಲ ಹೇಳಿಸಿಕೊಂಡೆ, ಅವನ ಬಾಯಲ್ಲೇ.

ಅಂದ ಹಾಗೆ, ಕಾರ್ಡು ಬದಲಿಸುವಾಗ ಬ್ಯಾಟರಿಯನ್ನೂ ತೆಗೆದು ನೋಡಿ. ಹಳೇ ಪಿಎಸ್‌ಪಿ ಬ್ಯಾಟರಿಗಳು ಉಬ್ಬುತ್ತವೆ. ನಮ್ಮೂರ ಬಿಸಿಲಿಗೆ ಕಿಟಕಿಯಲ್ಲಿ ಇಟ್ಟರಂತೂ ಬೇಗ. ಹಿಂದಿನ ಮುಚ್ಚಳ ಎದ್ದಿದ್ದರೆ ಅದನ್ನು ಮತ್ತೆ ಚಾರ್ಜ್ ಮಾಡಬೇಡಿ.

ಹುಡುಗ ಮೊದಲು ಅವನ ಗ್ಯಾರೇಜ್ ತೆರೆದ. ಒಂದೊಂದೇ ಕಾರು ಎಣಿಸಿದ. ಎಲ್ಲವೂ ಇದ್ದವು. ಹೋದ ವರ್ಷದ ಕೆಂಪು ಕಾರು ಕೂಡ. ಒಂದು ರೇಸ್ ಓಡಿಸಿ, ಸೇವ್ ಒತ್ತಿ, ಉಸಿರು ಬಿಗಿಹಿಡಿದು ನೋಡಿದ. ಆಯಿತು.

ರಾತ್ರಿ ಅವ್ವನ ಕೈಗೆ ಕೊಟ್ಟೆ. ಎಕ್ಸ್ ಒತ್ತಿದಳು. ಏಕತಾರಿ ಕೇಳಿಸಿತು, ಆಮೇಲೆ ಆ ಹಿರಿಯರ ದನಿ. ಸ್ವಲ್ಪ ಹೊತ್ತು ಕೇಳಿ, "ಇನ್ನ ಎಷ್ಟು ಹಿಡಿತದವ್ವ ಇದರಾಗ?" ಅಂತ ಕೇಳಿದಳು.

26 ಜಿಬಿ ಖಾಲಿ ಇತ್ತು. ಕೂತು ಲೆಕ್ಕ ಹಾಕಿದೆ. ಸುಮಾರು 480 ಗಂಟೆ. ಹತ್ತರಿಂದ ನಾಲ್ಕರವರೆಗೆ ಇಡೀ ಭಜನೆ ಹಿಡಿದರೂ 80 ಅಮಾವಾಸ್ಯೆ. ಹೇಳಿದೆ.

"ಹಂಗಾದ್ರ ಬರೋ ಅಮಾಸಿಗಿ ನಡುವ ನಿಲ್ಲಸಬ್ಯಾಡ. ಮಂಗಳಾರತಿ ತನಕ ಹಿಡಿ."

ರೆಕಾರ್ಡರ್‌ಗೆ ಹೊಸ ಸೆಲ್ ತಂದಿಟ್ಟಿದ್ದೇನೆ.