ಆನೆ ಏನು ಹೇಳಿತು ಎಂದು ಬರೆಯುವ ಮೊದಲು

ಕಾಡಂಚಿನ ಆನೆ ಕಾವಲು ತಂಡಕ್ಕೆ ಹೊಸದಾಗಿ ಸೇರಿದವರ ಡೈರಿಯಲ್ಲಿ ಒಂದು ಸಾಲು ತಪ್ಪದೆ ಸಿಗುತ್ತದೆ: ‘ರಾತ್ರಿ 9.40, ಆನೆ ಸಿಟ್ಟಿನಿಂದ ಘೀಳಿಟ್ಟಿತು.’ ಸಿಟ್ಟು ಎಂಬುದು ಬರೆದವರ ಊಹೆ. ಕೂಗು ಎಷ್ಟು ಸೆಕೆಂಡು ಇತ್ತು, ಎಷ್ಟು ಸಲ ಬಂತು, ಆಚೆಯಿಂದ ಇನ್ನೊಂದು ಆನೆ ಓಗೊಟ್ಟಿತೇ, ಯಾವುದೂ ಅದರಲ್ಲಿಲ್ಲ. ಮೊದಲು ಸದ್ದು ಬರೆಯಿರಿ, ಆಮೇಲೆ ಆನೆ ನಿಂತ ಭಂಗಿ. ಅರ್ಥ ಕೊನೆಗೆ, ಅದೂ ಪೆನ್ಸಿಲಿನಲ್ಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಾಡಾನೆಗಳ ಕೂಗನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ದಿನನಿತ್ಯದ ಕೆಲಸಕ್ಕೆ ಅಷ್ಟು ಸಾಕು. ಮೊದಲನೆಯದು ಘೀಳು. ಅದರ ಮೂಲ ಕಂಪನ, ಅಂದರೆ ಸದ್ದಿನ ಅತಿ ಕೆಳಗಿನ ಕಂಪನ, ಸುಮಾರು 400 ಹರ್ಟ್ಸ್ (ಸೆಕೆಂಡಿಗೆ 400 ಸಲ), ಎಂಥವರ ಕಿವಿಗೂ ಬೀಳುತ್ತದೆ. ಎರಡನೆಯದು ಕೀಚಲು: ಚಿಕ್ಕದು, ಒಂದರ ಹಿಂದೊಂದು ಬರುತ್ತದೆ. ಇಷ್ಟು ದೊಡ್ಡ ಪ್ರಾಣಿಯದೆಂದು ನಂಬಲಾಗದೆ ಹೊಸಬರು ಇದನ್ನು ಹಕ್ಕಿಯ ಲೆಕ್ಕಕ್ಕೆ ಹಾಕುವುದುಂಟು. ತುಟಿ ಬಿಗಿಹಿಡಿದು ಗಾಳಿ ನುಗ್ಗಿಸಿ ಆನೆ ಈ ಸದ್ದು ಮಾಡಬಲ್ಲದು. ಮೂರನೆಯದು ಅಬ್ಬರ. ನಾಲ್ಕನೆಯದು ಗುಡುಗುಡು, 20 ಹರ್ಟ್ಸ್ ಆಸುಪಾಸಿನದು.

ಒಂದು ಕೂಗಿಗೆ ಒಂದೇ ಅರ್ಥ ಎಂಬ ಪಟ್ಟಿ ಮಾಡಿಟ್ಟುಕೊಂಡರೆ ಕೆಟ್ಟಿತು. ಬೆದರಿದ ಹೆಣ್ಣಾನೆ ಘೀಳಿಡುತ್ತದೆ, ಕೆರೆಗಿಳಿದ ಮರಿಯೂ ಆಟದ ಭರದಲ್ಲಿ ಘೀಳಿಡುತ್ತದೆ. ಹಾಲು ಸಿಗದ ಮರಿ ಅಬ್ಬರಿಸುತ್ತದೆ, ಕೆಣಕಿದ ಆನೆಯೂ ಅಬ್ಬರಿಸುತ್ತದೆ. ಹಾಗಾಗಿ ಕೂಗಿನ ಪಕ್ಕದಲ್ಲೇ ಕಿವಿ ಅಗಲಿಸಿ ನಿಂತಿದೆಯೋ ಬೀಸುತ್ತಿದೆಯೋ, ಬಾಲ ಸೆಟೆದಿದೆಯೋ, ಗಂಡಾದರೆ ಕಪೋಲದಿಂದ ಮದಜಲ ಇಳಿದಿದೆಯೋ, ಮರಿ ಎಲ್ಲಿದೆ ಎಂಬುದನ್ನು ಬರೆಯಲೇಬೇಕು. ಕತ್ತಲಲ್ಲಿ ಕಾಣದಿದ್ದರೆ ‘ಕಾಣಲಿಲ್ಲ’ ಎಂದು ಬರೆಯಿರಿ.

ಈ ನಾಲ್ಕರಲ್ಲಿ ಸೇರದ ಸದ್ದೂ ಒಂದಿದೆ. ಸೊಂಡಿಲ ತುದಿಯನ್ನು ನೆಲಕ್ಕೆ ಬಡಿದು, ಅದೇ ಕ್ಷಣಕ್ಕೆ ಗಾಳಿ ಊದಿದಾಗ ಖಾಲಿ ಡ್ರಮ್ ಬಡಿದಂತೆ ಕೇಳುತ್ತದೆ. ಕೂಗಲ್ಲವೆಂದು ಡೈರಿಯಲ್ಲಿ ಬಿಟ್ಟುಹೋಗುವುದೇ ಹೆಚ್ಚು. ಅದು ಎಚ್ಚರಿಕೆ, ಹಿಂದೆ ಸರಿಯಬೇಕು.

ಸದ್ದಿಲ್ಲದಿರುವುದನ್ನೂ ದಾಖಲಿಸಬೇಕು. ದಕ್ಷಿಣ ಭಾರತದ ಕಾಡಂಚಿನ ಹೊಲಗಳಿಗೆ ಬರುವ ಆನೆಗಳಿಗೆ ಹುಲಿ, ಚಿರತೆಗಳ ಗರ್ಜನೆಯ ಧ್ವನಿಮುದ್ರಣ ಕೇಳಿಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಚಿರತೆಯ ದನಿಗೆ ಆನೆಗಳು ಘೀಳಿಟ್ಟು ಅಲ್ಲೇ ತಡೆದು ನಿಂತವು, ಹುಲಿಯ ದನಿಗೆ ತುಟಿಪಿಟಕ್ಕೆನ್ನದೆ ಜಾಗ ಖಾಲಿ ಮಾಡಿದವು. ಗದ್ದಲ ಹೆಚ್ಚಿದಷ್ಟೂ ಭಯ ಹೆಚ್ಚು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಕಾಫಿ ತೋಟದಲ್ಲೂ ಹಾಗೆಯೇ: ಕೊಂಬೆ ಮುರಿಯುವ ಸದ್ದು ತಟ್ಟನೆ ನಿಂತರೆ ಆನೆ ಹೊರಟುಹೋಯಿತು ಎಂದುಕೊಂಡು ಮುಂದೆ ಹೆಜ್ಜೆ ಇಡಬೇಡಿ. ಅದು ನಿಮ್ಮನ್ನು ಕೇಳಿಸಿಕೊಳ್ಳುತ್ತಿರಬಹುದು.

ಇನ್ನು ಗುಡುಗುಡು. ಹೆಚ್ಚು ತಪ್ಪಾಗುವುದು ಇಲ್ಲಿಯೇ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಪ್ರಾಣಿಗಳ ಕೂಗಿನ ಸಂಶೋಧಕಿ ಕೇಟಿ ಪೇನ್ ಅವರಿಗೆ ಏಷ್ಯಾ ಆನೆಗಳ ಬಳಿ ಗಾಳಿಯಲ್ಲಿ ಮಿಡಿತದಂಥದ್ದು ಅನುಭವಕ್ಕೆ ಬಂತು. ಅಳೆದು ನೋಡಿದಾಗ ಸಿಕ್ಕಿದ್ದು 14ರಿಂದ 24 ಹರ್ಟ್ಸ್‌ನ ಕೂಗು. ಮನುಷ್ಯನ ಕಿವಿ ಸುಮಾರು 20ರ ಕೆಳಗೆ ಕೆಲಸ ಮಾಡುವುದಿಲ್ಲ. ಆದರೆ ಕಣ್ಣಿಗೆ ಸುಳಿವು ಸಿಗುತ್ತದೆ: ಸೊಂಡಿಲು ಹಣೆಗೆ ಕೂಡುವ ಜಾಗದ ಚರ್ಮ ಸಣ್ಣಗೆ ಅದುರುತ್ತದೆ. ಶಿಬಿರದ ಆನೆಯ ಪಕ್ಕ ನಿಂತು ಇದನ್ನೊಮ್ಮೆ ನೋಡಿಕೊಂಡರೆ ದುರ್ಬೀನಿನಲ್ಲೂ ಗುರುತಿಸುವುದು ಸುಲಭ.

ಮೊಬೈಲಿನ ಧ್ವನಿಮುದ್ರಣ ಇದಕ್ಕೆ ಸಾಲದು, ಕೆಳಕಂಪನಗಳನ್ನು ಅದು ಕತ್ತರಿಸಿಬಿಡುತ್ತದೆ. 10 ಹರ್ಟ್ಸ್‌ವರೆಗೆ ಹಿಡಿಯುವ ಮೈಕ್ ಬೇಕು. ರೆಕಾರ್ಡರಿನಲ್ಲಿ ಕೆಳಕಂಪನಗಳನ್ನು ತೆಗೆದುಹಾಕುವ ‘ಲೋ ಕಟ್’ ಆಫ್ ಇರಬೇಕು, ಫೈಲು ಎಂಪಿ3 ಬೇಡ, ವೇವ್ ಆಗಿರಲಿ. ಮೈಕಿಗೆ ದಪ್ಪ ಗಾಳಿಗವಸು ಬೇಕೇ ಬೇಕು, ಏಕೆಂದರೆ ಗಾಳಿಯ ಸದ್ದು ಕೂರುವುದೂ ಇದೇ ಕಂಪನದಲ್ಲಿ. ಆಮೇಲೆ ಹತ್ತು ಪಟ್ಟು ವೇಗದಲ್ಲಿ ನುಡಿಸಿದರೆ 15 ಹರ್ಟ್ಸ್ 150 ಆಗಿ ಕಿವಿಗೆ ಬೀಳುತ್ತದೆ.

ಕಂಪ್ಯೂಟರಿನಲ್ಲಿ ಸ್ಪೆಕ್ಟ್ರೋಗ್ರಾಮ್ (ಸದ್ದಿನ ಕಂಪನಗಳನ್ನು ಗೆರೆಗಳಾಗಿ ತೋರಿಸುವ ಚಿತ್ರ) ತೆರೆದು ‘ಏನೂ ಇಲ್ಲ’ ಎನ್ನುವವರು ಬಹುಮಟ್ಟಿಗೆ ವಿಂಡೋ ಗಾತ್ರವನ್ನು, ಅಂದರೆ ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ಸದ್ದಿನ ಮಾದರಿಗಳ ಸಂಖ್ಯೆಯನ್ನು, 512ರಲ್ಲೇ ಬಿಟ್ಟಿರುತ್ತಾರೆ. ಸೆಕೆಂಡಿಗೆ 44,100 ಮಾದರಿ ತೆಗೆದ ಮುದ್ರಣದಲ್ಲಿ ಅದು 86 ಹರ್ಟ್ಸ್‌ಗಿಂತ ಹತ್ತಿರದ ಗೆರೆಗಳನ್ನು ಬಿಡಿಸಿ ತೋರಿಸದು, ಗುಡುಗುಡು ಮಸಿ ಬಳಿದಂತೆ ಕಾಣುತ್ತದೆ. 16,384ಕ್ಕೆ ಏರಿಸಿದರೆ 2.7 ಹರ್ಟ್ಸ್‌ಗೆ ಇಳಿಯುತ್ತದೆ, ಗೆರೆಗಳು ಬಿಡಿಬಿಡಿಯಾಗುತ್ತವೆ. 15ರ ಗೆರೆ ಗಾಳಿಯಲ್ಲಿ ಮುಳುಗಿದ್ದರೂ ಅದರ ಎರಡು, ಮೂರು, ನಾಲ್ಕು ಪಟ್ಟಾದ 30, 45, 60ರಲ್ಲಿ ಗೆರೆಗಳಿದ್ದರೆ ಅಂತರ ನೋಡಿಯೇ ಮೂಲ ಕಂಪನ 15 ಎನ್ನಬಹುದು.

ಕೀನ್ಯಾದ ಆನೆಗಳು ಒಂದನ್ನೊಂದು ಹೆಸರಿನಂಥ ಕೂಗಿನಿಂದ ಕರೆಯುತ್ತವೆ ಎಂಬ 2024ರ ಸಂಶೋಧನೆಯ ಸುದ್ದಿ ವಾಟ್ಸಾಪಿನಲ್ಲಿ ಈಗಲೂ ಓಡಾಡುತ್ತದೆ. ಸ್ವಾರಸ್ಯವೇನೋ ಹೌದು. ಅವು ಆಫ್ರಿಕಾದ ಆನೆಗಳು, ಜಾತಿಯೇ ಬೇರೆ. ಅಲ್ಲಿನ ಅರ್ಥಗಳನ್ನು ನಾಗರಹೊಳೆಯ ಹಿಂಡಿಗೆ ಹಚ್ಚಬೇಡಿ.

ಕೊನೆಯದಾಗಿ ಜೀಪು. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸುಮಾರು 27 ಹರ್ಟ್ಸ್ ಸದ್ದು ಬರುತ್ತದೆ, ಅಂದರೆ ಆನೆಯ ಗುಡುಗುಡುವಿನ ನೆರೆಮನೆಯಲ್ಲೇ. ವ್ಯತ್ಯಾಸ ಗೆರೆಯ ಆಕಾರದಲ್ಲಿದೆ: ಎಂಜಿನ್ನಿನದು ನಿಮಿಷಗಟ್ಟಲೆ ಸ್ಕೇಲ್ ಇಟ್ಟು ಎಳೆದಂತೆ ನೇರ, ಆನೆಯದು ಕೆಲವೇ ಸೆಕೆಂಡು ಇದ್ದು, ಕಮಾನಿನಂತೆ ತುಸು ಏರಿ ಇಳಿಯುತ್ತದೆ. ಮುದ್ರಣ ಶುರುವಾದ ಹೊತ್ತು, ಎಂಜಿನ್ ಆರಿಸಿದ ಹೊತ್ತು ಎರಡನ್ನೂ ಡೈರಿಯಲ್ಲಿ ಬೇರೆಬೇರೆಯಾಗಿ ಬರೆದಿಡಿ.