ಮೂಲಗೇಣಿಯಾ, ಚಾಲಗೇಣಿಯಾ? ರೆಡಿಂಗ್‌ನಲ್ಲಿ ಮನೆ ಕೊಂಡ ಕಥೆ

2023ರ ಬೇಸಿಗೆಯಲ್ಲಿ, ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್‌ನಲ್ಲಿ ನಮಗೊಂದು ಫ್ಲ್ಯಾಟ್ ಹಿಡಿಸಿತು. ಎರಡು ಬೆಡ್‌ರೂಮು, ಅಡುಗೆಮನೆಯ ಕಿಟಕಿಯಿಂದ ಕೆನೆಟ್ ನದಿ. ಬೆಲೆ 2,85,000 ಪೌಂಡ್. ಏಜೆಂಟ್ ಕೊಟ್ಟ ಹಾಳೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಗ್ರೌಂಡ್ ರೆಂಟ್ ವರ್ಷಕ್ಕೆ 250 ಪೌಂಡ್’ ಎಂದಿತ್ತು. ಮನೆಯ ಬೆಲೆಯ ಮುಂದೆ ಇದೇನು ಮಹಾ ಎಂದು ಹಾಳೆ ಮಡಚಿಟ್ಟೆವು.

ಆ ರಾತ್ರಿ ಮಂಗಳೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್ ಕೊಂಡರೆ ಸಾಮಾನ್ಯವಾಗಿ ಕೈಗೆ ಬರುವುದು ಲೀಸ್. 99 ವರ್ಷ, 125 ವರ್ಷ, ಕೆಲವೊಮ್ಮೆ 999 ವರ್ಷ ಅಲ್ಲಿರುವ ಹಕ್ಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸಿಗುವಂತೆ ನೆಲದ ಅವಿಭಜಿತ ಪಾಲು ಇಲ್ಲಿ ಸಿಗುವುದಿಲ್ಲ. ನೆಲ ಫ್ರೀಹೋಲ್ಡರ್ ಎಂಬ ಮಾಲೀಕನದು. ಆ ನೆಲಕ್ಕಾಗಿ ವರ್ಷವರ್ಷ ಕಟ್ಟುವುದು ಗ್ರೌಂಡ್ ರೆಂಟ್. ಲಿಫ್ಟು, ಮೆಟ್ಟಿಲು, ಮಾಡಿನ ರಿಪೇರಿಗೆ ಸರ್ವಿಸ್ ಚಾರ್ಜ್ ಬೇರೆ.

ಅಪ್ಪ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. “ಅದು ಮೂಲಗೇಣಿಯಾ, ಚಾಲಗೇಣಿಯಾ ಮಾರಾಯ? ಗೇಣಿ ಏರಿಸ್ಲಿಕ್ಕೆ ಉಂಟಾ ಅವ್ರಿಗೆ?”

ಕರಾವಳಿಯವರಲ್ಲದವರಿಗೆ ಹೇಳುತ್ತೇನೆ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ ಎಂದರೆ ಗೇಣಿ ಶಾಶ್ವತ, ಮೊತ್ತವೂ ಸ್ಥಿರ. ಚಾಲಗೇಣಿ ವರ್ಷದಿಂದ ವರ್ಷಕ್ಕೆ. ಧಣಿ ಗೇಣಿ ಏರಿಸಬಹುದಿತ್ತು, ಒಕ್ಕಲನ್ನು ಬಿಡಿಸಲೂಬಹುದಿತ್ತು. ನಮ್ಮಜ್ಜನ ಮನೆ ಮೂಲಗೇಣಿ ಜಾಗದ್ದು. ಹಾಗಾಗಿ ಅಪ್ಪನಿಗೆ ಗೇಣಿ ಎಷ್ಟು ಎನ್ನುವುದಕ್ಕಿಂತ ಅದು ಏರುತ್ತದೆಯೇ ಎನ್ನುವುದು ಮುಖ್ಯ. ನನಗೆ ಉತ್ತರ ಗೊತ್ತಿರಲಿಲ್ಲ.

ಮನೆಯ ಕಾಗದಪತ್ರ ನೋಡುವ ವಕೀಲರಾದ ಸಾಲಿಸಿಟರ್ ಮೂಲಕ ಲೀಸಿನ ಪ್ರತಿ ಬಂತು, ನಲವತ್ತಕ್ಕೂ ಹೆಚ್ಚು ಪುಟ. ಗ್ರೌಂಡ್ ರೆಂಟಿನ ವಿಷಯ ಕೊನೆಯಲ್ಲಿದ್ದ ಷೆಡ್ಯೂಲಿನಲ್ಲಿ, ಅಂದರೆ ಅನುಬಂಧದಲ್ಲಿ, ಐದು ಸಾಲು ಮಾತ್ರ. 2014ರ ಜನವರಿ 1ರಿಂದ 125 ವರ್ಷ. ಮೊದಲ ಹತ್ತು ವರ್ಷ 250 ಪೌಂಡ್. ಆಮೇಲೆ ಐವತ್ತನೇ ವರ್ಷದವರೆಗೆ ಪ್ರತಿ ಹತ್ತು ವರ್ಷಕ್ಕೆ ದುಪ್ಪಟ್ಟು. ಹೆಂಡತಿ ಕರೆಂಟ್ ಬಿಲ್ಲಿನ ಹಿಂದೆ ಬರೆಯುತ್ತಾ ಹೋದಳು: 2024ಕ್ಕೆ 500, 2034ಕ್ಕೆ 1,000, 2044ಕ್ಕೆ 2,000, 2054ಕ್ಕೆ 4,000, 2064ಕ್ಕೆ 8,000. ನಮ್ಮ ಸಾಲವೇ ಮೂವತ್ತು ವರ್ಷದ್ದು. ಸಾಲ ತೀರಿದ ಮರುವರ್ಷವೇ ಇದು ವರ್ಷಕ್ಕೆ 4,000 ಪೌಂಡ್!

ಅಷ್ಟು ದೂರ ಹೋಗುವುದೂ ಬೇಡ. ಗ್ರೌಂಡ್ ರೆಂಟ್ ಮನೆಯ ಬೆಲೆಯ ಶೇ. 0.1 ದಾಟಬಾರದು ಎಂದು ಹಲವು ಬ್ಯಾಂಕುಗಳು ನೋಡುತ್ತವೆ. ಈ ಮನೆಗೆ ಆ ಮಿತಿ 285 ಪೌಂಡ್. 250 ಅದರೊಳಗಿತ್ತು, ಆರು ತಿಂಗಳಲ್ಲಿ ಬರಲಿದ್ದ 500 ಇರಲಿಲ್ಲ. ಮುಂದೆ ನಾವು ಮಾರಹೊರಟರೆ ಕೊಳ್ಳುವವರಿಗೆ ಸಾಲ ಸಿಗುವುದೇ ಕಷ್ಟ. ಇನ್ನೊಂದು ತೊಡಕು 1988ರ ವಸತಿ ಕಾಯ್ದೆಯದು. ಲಂಡನ್ನಿನ ಹೊರಗೆ ಗ್ರೌಂಡ್ ರೆಂಟ್ 250 ದಾಟಿದರೆ (ಲಂಡನ್ನಿನಲ್ಲಿ 1,000), ಲಕ್ಷಗಟ್ಟಲೆ ಕೊಟ್ಟು ಕೊಂಡವರನ್ನೂ ಕಾನೂನು ಬಾಡಿಗೆದಾರರೆಂದೇ ಎಣಿಸಬಹುದಿತ್ತು, ಬಾಕಿ ಉಳಿದರೆ ಮನೆ ಬಿಡಿಸುವ ಭಯವಿತ್ತು. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ 21 ವರ್ಷ ಮೀರಿದ ಲೀಸುಗಳನ್ನು ಇದರಿಂದ ಹೊರಗಿಟ್ಟಿದೆ. ನಾವು ಮನೆ ಹುಡುಕುವಾಗ ಆ ರಕ್ಷಣೆ ಇರಲಿಲ್ಲ.

ಲೀಸ್ ತಿದ್ದಿಸಿ ಕೊಡಿ ಎಂದು ಮಾರುವವರನ್ನು ಕೇಳಿದೆವು. ಅದಕ್ಕೆ ಫ್ರೀಹೋಲ್ಡರ್ ಒಪ್ಪಬೇಕು. ಅವರು ಕೇಳಿದ ಹಣಕ್ಕೆ ಮಾರುವವರು ಒಪ್ಪಲಿಲ್ಲ. ಸರ್ವೆಗೂ ಸಾಲಿಸಿಟರಿಗೂ ಕೊಟ್ಟ ದುಡ್ಡು ಹೋಯಿತು. ಆ ಕಿಟಕಿ ಬಿಟ್ಟುಬಂದ ಬೇಸರ ಬಹಳ ದಿನ ಇತ್ತು.

ಗೆಳೆಯರು ಈಗ ಮನೆ ನೋಡುವಾಗ ನನ್ನನ್ನು ಕೇಳುತ್ತಾರೆ. 2022ರ ಜೂನ್ 30ರ ನಂತರ ಹೊಸದಾಗಿ ಆದ ಲೀಸಾದರೆ ಹೆಚ್ಚು ತಲೆಬಿಸಿ ಇಲ್ಲ. ಅಂಥವಕ್ಕೆ ಗ್ರೌಂಡ್ ರೆಂಟ್ ‘ಒಂದು ಮೆಣಸಿನಕಾಳು’, ಅಂದರೆ ಸೊನ್ನೆ. ಹಳೆಯ ಲೀಸಾದರೆ ಆ ಷೆಡ್ಯೂಲನ್ನು ನೀವೇ ಓದಿ. ದುಪ್ಪಟ್ಟಾಗುವುದು ಕಣ್ಣಿಗೆ ಬೀಳುತ್ತದೆ. ಬೆಲೆಸೂಚ್ಯಂಕಕ್ಕೆ ಕಟ್ಟಿದ್ದು ನಿರುಪದ್ರವಿಯಂತೆ ಕಾಣುತ್ತದೆ, ಆದರೆ ಆರ್‌ಪಿಐ ಎಂಬ ಆ ಸೂಚ್ಯಂಕ 2022ರ ಅಕ್ಟೋಬರಿನಲ್ಲಿ ಒಂದೇ ವರ್ಷಕ್ಕೆ ಶೇ. 14.2 ಏರಿತ್ತು. ಮನೆಯ ಮಾರುಕಟ್ಟೆ ಬೆಲೆಯ ಇಂತಿಷ್ಟು ಪಾಲು ಎಂದು ಬರೆದದ್ದಿದ್ದರೆ ನಾನಂತೂ ಮುಟ್ಟುವುದಿಲ್ಲ. ಮುಂದಿನ ಪರಿಷ್ಕರಣೆಗೆ ಎಷ್ಟಾದೀತು ಎಂದು ಲೆಕ್ಕ ಹಾಕುವುದೇ ಸಾಧ್ಯವಿಲ್ಲ. ಹಳೆ ಫ್ಲ್ಯಾಟನ್ನೇ ಮೆಚ್ಚಿದ್ದರೆ, 1993ರ ಕಾಯ್ದೆಯಂತೆ ಲೀಸಿಗೆ 90 ವರ್ಷ ಸೇರಿಸಿಕೊಂಡು ಗ್ರೌಂಡ್ ರೆಂಟನ್ನೂ ಮೆಣಸಿನಕಾಳಿಗೆ ಇಳಿಸುವ ಹಕ್ಕಿದೆ. ಅದಕ್ಕೆ ಫ್ರೀಹೋಲ್ಡರಿಗೆ ಕೊಡಬೇಕಾದ ಪರಿಹಾರ ಮೊತ್ತ ದೊಡ್ಡದಿರಬಹುದು, ಅದನ್ನು ಸೇರಿಸಿಯೇ ಮನೆಯ ಬೆಲೆ ಚೌಕಾಸಿ ಮಾಡಿ.

ಮರುವರ್ಷ ನಾವು ಕೊಂಡ ಫ್ಲ್ಯಾಟಿನ ಲೀಸು 2005ರದ್ದು. 25 ವರ್ಷ 100 ಪೌಂಡ್, ಆಮೇಲೆ ಪ್ರತಿ 25 ವರ್ಷಕ್ಕೆ 50 ಹೆಚ್ಚು. ಆ ಪುಟದ ಫೋಟೋ ತೆಗೆದು ಅಪ್ಪನಿಗೆ ಕಳಿಸಿ, ಒಂದೊಂದು ಸಾಲಿನ ಅರ್ಥ ಫೋನಿನಲ್ಲಿ ಹೇಳಿದೆ. “ಏರುದು ಏರ್ತದೆ, ಆದ್ರೆ ಎಷ್ಟೂಂತ ಇವತ್ತೇ ಗೊತ್ತುಂಟಲ್ಲ, ತಗೊಳ್ಳಿ” ಅಂದರು.